ಮುತ್ತಿನ ಹೊಳೆಯ ದಡದ ಚಹಾಮಂದಿರಗಳು

ನಮ್ಮ ನಾಡಿನಲ್ಲಿ ಒಂದೇ ಪಾನೀಯಕ್ಕೆ ಎರಡು ಹೆಸರುಗಳು ಬಳಕೆಯಲ್ಲಿರುವುವು. ಧಾರವಾಡ, ಬೆಳಗಾವಿಗಳ ಕಡೆಯವರು ಚಹಾ ಎನ್ನುವರು, ಮಂಗಳೂರು ಉಡುಪಿಗಳವರು ಅದನ್ನೇ ಮೊಟಕುಮಾಡಿ ಚಾ ಎನ್ನುವರು. ಮೈಸೂರು ಸೀಮೆಯವರಿಗೆ ಅದು ಟೀ. ಇದು ಬರಿಯ ಪ್ರಾಂತಭೇದವೆಂದು ನಾವು ಸುಮ್ಮನಾಗುವುದುಂಟು. ಆದರೆ ಈ ಎರಡು ಶಬ್ದಗಳೂ ಚೀನದೇಶದ ಎರಡು ರೇವುಗಳನ್ನು ನೆನಪಿಗೆ ತರುವಂಥವು. ಫೂಕಿಯೆನ್ ಪ್ರಾಂತದ ಅಮಾಯ್ ರೇವಿನ ಜನರು ಆ ಎಲೆಯನ್ನು 'ತೆ' ಎಂದು ಕರೆಯುತ್ತಿದ್ದರು. ಡಚ್ಚರು ಅವರ ಮಾತನ್ನು ಯೂರೋಪಿಗೆ ಒಯ್ದರು. ಇಂಗ್ಲಿಷರ ಬಾಯಲ್ಲಿ ಅದು ಟೀ ಆಯಿತು. ಕ್ಯಾಂಟನ್ ನಗರದವರಾದರೋ 'ಚಾ' ಎನ್ನುವರು. ಆ ಮಾತು ಭೂಮಾರ್ಗವಾಗಿ ಪಾರಸೀಕರಿಗೂ, 1557ರಲ್ಲಿ ಮಕಾವಿನಲ್ಲಿ ನೆಲೆಯೂರಿದ ಪೋರ್ತುಗೀಸರ ಮೂಲಕ ಸಮುದ್ರಮಾರ್ಗವಾಗಿ ಪಶ್ಚಿಮದೇಶಗಳಿಗೂ ಹರಡಿತು. ಕಾಳಿದಾಸನಿಗೆ ಚೀನಾಂಶುಕವು ಗೊತ್ತಿದ್ದಿತು. ಆದರೆ ಈ ಎಲೆಗೆ ಸಂಸ್ಕೃತದಲ್ಲಿ ಹಳೆಯ ಹೆಸರೊಂದೂ ಇಲ್ಲ. ರೇಷ್ಮೆ ಬಂದ ದಾರಿಯಲ್ಲಿ ಚಹವು ನಮ್ಮಲ್ಲಿಗೆ ಬರಲಿಲ್ಲವೆಂಬುದು ಇದರಿಂದಲೇ ತಿಳಿಯತಕ್ಕುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸ್ವಾರಸ್ಯವುಂಟು. ಅಲ್ಲಿ ಬೆಳಗ್ಗೆ ಎದುರಾದವರನ್ನು 'ಚಾ ಆಯಿತೆ?' ಎಂದು ಕೇಳಿದರೆ, ತಿಂಡಿ ತಿಂದಾಯಿತೇ ಎಂದು ಅರ್ಥ. ಬರಿಯ ಪಾನೀಯದ ಹೆಸರು ಇಡಿಯ ಉಪಾಹಾರಕ್ಕೇ ನಿಂತುಬಿಟ್ಟಿದೆ. ಕ್ಯಾಂಟನ್ನಿನಲ್ಲಿಯೂ ಹೀಗೆಯೇ. ಅಲ್ಲಿಯವರು 'ಯಾಮ್ ಚಾ', ಎಂದರೆ 'ಚಹಾ ಕುಡಿಯುವುದು', ಎಂದು ಹೇಳಿದರೆ ಬಿದಿರಿನ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುವ ಹತ್ತಾರು ಬಗೆಯ ಸಣ್ಣ ತಿಂಡಿಗಳನ್ನು ಒಂದೆರಡು ಗಂಟೆಗಳ ಕಾಲ ಮಾತನಾಡುತ್ತ ತಿನ್ನುವುದು ಎಂದೇ ತಾತ್ಪರ್ಯ. ಆ ತಿಂಡಿಗಳಿಗೆ ಅವರ ನುಡಿಯಲ್ಲಿ 'ದಿಮ್ ಸಮ್' ಎಂದು ಹೆಸರು. ಇಂದು ಹಾಂಗ್ ಕಾಂಗಿನ ಕಡಲತೀರದ ಭವ್ಯಮಂದಿರಗಳಲ್ಲಿ, ಗಾಜಿನ ಗೋಡೆಯ ಆಚೆ ಹಡಗುಗಳು ಹಾಯುತ್ತಿರುವಾಗ, ಲೋಕದ ನಾನಾ ದೇಶಗಳ ಶ್ರೀಮಂತರು ಕುಳಿತು ಸವಿಯುವುದು ಇದನ್ನೇ. ಈ ಉಪಾಹಾರವು ನೀರಿನ ಬದಿಗೆ ಹೇಗೆ ಬಂದಿತು, ಬಡವನ ಬೆಂಚಿನಿಂದ ಧನಿಕನ ಮೇಜಿಗೆ ಹೇಗೆ ಏರಿತು ಎಂಬುದನ್ನು ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ.

'ದಿಮ್ ಸಮ್' ಎಂಬುದನ್ನು ಬಿಡಿಸಿದರೆ 'ಹೃದಯಸ್ಪರ್ಶ' ಎಂಬ ಅರ್ಥ ಬರುವುದು. ಸಮ್ ಎಂಬುದು ಹೃದಯಕ್ಕೂ ಹೆಸರು, ಮನಸ್ಸಿಗೂ ಹೆಸರು. ಸುಂಗ್ ರಾಜರ ಕಾಲದ ವೂ ತ್ಸೆಂಗ್ ಎಂಬ ಪಂಡಿತನು ಈ ಮಾತು ಅದಕ್ಕೂ ಹಿಂದಿನ ತಾಂಗ್ ಕಾಲದಲ್ಲಿಯೇ ಬಳಕೆಯಲ್ಲಿದ್ದಿತೆಂದು ಬರೆದಿಟ್ಟಿದ್ದಾನೆ. ಊಟದ ಹೊತ್ತಿಗೆ ಮುಂಚೆ ಹಸಿವನ್ನು ಸ್ವಲ್ಪ ಸಮಾಧಾನಪಡಿಸುವುದು ಎಂಬಷ್ಟೇ ಆಗಿನ ಅರ್ಥ. ಇದೇ ಮಾತಿನ ಶ್ಲೇಷದ ಮೇಲೆ ನಿಂತ ಕಥೆಯೊಂದು ಧ್ಯಾನಸಂಪ್ರದಾಯದ ಬೌದ್ಧರಲ್ಲಿ ಪ್ರಸಿದ್ಧವಾಗಿದೆ. ಒಂಬತ್ತನೆಯ ಶತಮಾನದ ತೆಹ್ ಷಾನ್ ಎಂಬ ಭಿಕ್ಷುವು ನಮ್ಮ ವಜ್ರಚ್ಛೇದಿಕಾ ಪ್ರಜ್ಞಾಪಾರಮಿತೆಯಲ್ಲಿ ಮಹಾವಿದ್ವಾಂಸನಾಗಿದ್ದನು. ಅವನು ತನ್ನ ಟೀಕಾಗ್ರಂಥಗಳ ಹೊರೆಯನ್ನು ಹೊತ್ತು ದಕ್ಷಿಣದೇಶಕ್ಕೆ ಬರುತ್ತಿರುವಾಗ ದಾರಿಯಲ್ಲಿ ತಿಂಡಿ ಮಾರುತ್ತಿದ್ದ ಮುದುಕಿಯೊಬ್ಬಳ ಬಳಿ ಹಸಿವೆಯಿಂದ ನಿಂತನಂತೆ. ಆಕೆಯು, ಕಳೆದ ಚಿತ್ತವೂ ಇಂದಿನ ಚಿತ್ತವೂ ಬರುವ ಚಿತ್ತವೂ ಕೈಗೆ ಸಿಕ್ಕತಕ್ಕುವಲ್ಲವೆಂದು ನಿನ್ನ ಸೂತ್ರವೇ ಹೇಳುವುದಷ್ಟೆ, ಹಾಗಾದರೆ ಸ್ವಾಮಿಗಳು ಈಗ ಯಾವ ಚಿತ್ತವನ್ನು ಸ್ಪರ್ಶಿಸಬೇಕೆಂದಿದ್ದೀರಿ ಎಂದು ಕೇಳಿದಳು. ವಿದ್ವಾಂಸನಿಗೆ ಉತ್ತರವು ತೋಚಲಿಲ್ಲ. ಶಾಸ್ತ್ರವನ್ನು ಓದಿದವರನ್ನು ತಿಂಡಿಯಂಗಡಿಯವಳು ಸೋಲಿಸುವ ಕಥೆಗಳು ಎಲ್ಲ ದೇಶಗಳಲ್ಲಿಯೂ ಜನರಿಗೆ ಪ್ರಿಯವಾಗಿರುವುವು. ಪಾಠಶಾಲೆಯಲ್ಲಿ ವ್ಯುತ್ಪತ್ತಿಯನ್ನೇ ಜೀವನವೆಂದು ತಿಳಿದು ಬೆಳೆದ ನಮ್ಮಂಥವರಿಗೂ ಇದು ಹಿತವಾದ ಔಷಧಿಯೇ ಸರಿ.

ಹೀಗೆ ಹೆಸರು ಹಳೆಯದು. ಆದರೆ ಹೆಸರು ಹಳೆಯದಾದ ಮಾತ್ರಕ್ಕೆ ವಸ್ತುವೂ ಹಳೆಯದಾಗಬೇಕಿಲ್ಲ. ಪ್ರವಾಸಿಗರಿಗಾಗಿ ಬರೆದ ಪುಸ್ತಕಗಳಲ್ಲಿ, ರೇಷ್ಮೆಯ ಹೆದ್ದಾರಿಯಲ್ಲಿ ಬಳಲಿ ಬಂದ ವರ್ತಕರಿಗಾಗಿ ಎರಡು ಸಾವಿರ ವರ್ಷಗಳ ಹಿಂದೆ ಚಹಾಮಂದಿರಗಳು ಹುಟ್ಟಿದುವೆಂದೂ ಅಲ್ಲಿಂದ ದಿಮ್ ಸಮ್ ಬೆಳೆಯಿತೆಂದೂ ಹೇಳುವುದುಂಟು. ಇದನ್ನು ನಂಬುವುದು ಕಷ್ಟ. ರೇಷ್ಮೆಯ ಹಾದಿಯು ವಾಯವ್ಯದ ಮರುಭೂಮಿಯಲ್ಲಿ ಹಾಯುವುದು. ಕ್ಯಾಂಟನ್ನಾದರೋ ದಕ್ಷಿಣಸಮುದ್ರದ ಮಗ್ಗುಲಲ್ಲಿರುವುದು. ಚಹದ ಮೇಲೆ ಮೊದಲನೆಯ ಶಾಸ್ತ್ರಗ್ರಂಥವನ್ನು ರಚಿಸಿದ ಲು ಯೂ ಇದ್ದುದು ಎಂಟನೆಯ ಶತಮಾನದಲ್ಲಿ. ಸುಂಗ್ ರಾಜಧಾನಿಗಳಲ್ಲಿ ಚಹದ ಅಂಗಡಿಗಳೂ ತಿಂಡಿಯ ಅಂಗಡಿಗಳೂ ಧಾರಾಳವಾಗಿದ್ದುವು, ನಿಜ. ಆದರೆ ಇಂದು ನಾವು ಕಾಣುವ ಕ್ರಮವು, ಎಂದರೆ ಅಂತಸ್ತುಗಳುಳ್ಳ ಮನೆ, ಬೆಳಗಿನ ಜಾವದ ಸಂದಣಿ, ಬುಟ್ಟಿಗೆರಡು ಮೂರು ಎಣಿಸಿಟ್ಟ ತಿಂಡಿ, ತಟ್ಟೆ ಲೆಕ್ಕಮಾಡಿ ಹಣ ತೆಗೆದುಕೊಳ್ಳುವ ವ್ಯವಸ್ಥೆ, ಇವೆಲ್ಲವೂ ಹತ್ತೊಂಬತ್ತನೆಯ ಶತಮಾನದ ಕ್ಯಾಂಟನ್ನಿನ ವ್ಯಾಪಾರಜೀವನದ ಫಲಗಳು.

ಇವುಗಳಲ್ಲಿ ನಿಜವಾಗಿ ಪುರಾತನವಾದುದು ಹಬೆಯ ಪಾಕ ಮಾತ್ರ. ಅದು ಚೀನದಲ್ಲಿ ಇತಿಹಾಸಪೂರ್ವಕಾಲದಿಂದ ಇರುವ ವಿದ್ಯೆ. ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಮಾತನ್ನು ಹೇಳಬೇಕು. ಏಳನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದು ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ವರ್ಣಿಸಿದ ಯಾತ್ರಿಕ ಹ್ಯುಯೆನ್ ತ್ಸಾಂಗನು, ಈ ದೇಶದವರಲ್ಲಿ ಅಡಿಗೆಯ ಕಡಾಯಿಗಳಿವೆಯಾದರೂ ಹಬೆಯಲ್ಲಿ ಬೇಯಿಸುವ ಪಾತ್ರೆಯು ಇವರಿಗೆ ತಿಳಿಯದು ಎಂದು ಬರೆದಿದ್ದಾನೆ. ಇಡ್ಲಿಯ ಹಬೆಯಿಂದಲೇ ಬೆಳಗಾಗುವ ನಮ್ಮ ಮನೆಗಳವರಿಗೆ ಇದು ಆಶ್ಚರ್ಯಕರವಾಗಿ ತೋರಬಹುದು. ವಡ್ಡಾರಾಧನೆಯಲ್ಲಿಯೂ, 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಇಡ್ಡಲಿಗೆಯ ಹೆಸರಿದೆ; ಅದು ಇಂದಿನಂತೆಯೇ ಹಬೆಯಲ್ಲಿ ಬೆಂದುದೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಒಬ್ಬ ಭಿಕ್ಷುವು ಧರ್ಮಗ್ರಂಥಗಳನ್ನು ಹುಡುಕಿಕೊಂಡು ಸಾವಿರಾರು ಮೈಲಿ ನಡೆದು ಬಂದು, ಅಡಿಗೆಮನೆಯ ಒಂದು ಪಾತ್ರೆಯ ಕೊರತೆಯನ್ನೂ ಗಮನಿಸಿದನೆಂಬುದಷ್ಟೇ ನನಗೆ ಇಲ್ಲಿ ಮುಖ್ಯ.

ಇನ್ನು ಕ್ಯಾಂಟನ್ ನಗರದ ವಿಷಯ. ಇದಕ್ಕೆ ಚೀನೀಯರ ಹೆಸರು ಕ್ವಾಂಗ್ ಚೌ. ಮುತ್ತಿನ ಹೊಳೆಯೆಂದು ಹೆಸರಾದ ನದಿಯ ಉತ್ತರದಡದ ಮೇಲೆ ಊರು; ದಕ್ಷಿಣದಡದಲ್ಲಿ ಹೋನಾಮ್ ಎಂಬ ದ್ವೀಪ. 1757ರಲ್ಲಿ ಚಿಯೆನ್ ಲುಂಗ್ ಚಕ್ರವರ್ತಿಯು ಯೂರೋಪಿಯನರ ವ್ಯಾಪಾರವನ್ನೆಲ್ಲ ಈ ಒಂದೇ ರೇವಿಗೆ ಕಟ್ಟುಮಾಡಿದನು. ಅಂದಿನಿಂದ 1842ರ ವರೆಗೆ ಪಾಶ್ಚಾತ್ಯರ ಹಡಗುಗಳು ಚಹಕ್ಕಾಗಿ ಇಲ್ಲಿಗೇ ಬರಬೇಕಾಗಿದ್ದಿತು. ನದಿಯ ದಡದಲ್ಲಿ ಅವರಿಗಾಗಿ ಹದಿಮೂರು ಕೋಠಿಗಳಿದ್ದುವು. ಪರದೇಶಿಯರು ವ್ಯಾಪಾರದ ಋತುವಿನಲ್ಲಿ ಮಾತ್ರ ಅಲ್ಲಿರಬಹುದು, ಹೆಂಗಸರನ್ನು ಕರೆತರುವಂತಿಲ್ಲ, ಕೋಟೆಯ ಒಳಕ್ಕೆ ಕಾಲಿಡುವಂತಿಲ್ಲ, ಸರ್ಕಾರದ ಅನುಮತಿ ಪಡೆದ ಕೆಲವು ವರ್ತಕರೊಡನೆ ಮಾತ್ರ ವ್ಯವಹರಿಸಬೇಕು. ಈ ವರ್ತಕರಲ್ಲಿ 1769ರಿಂದ 1843ರ ವರೆಗೆ ಬಾಳಿದ ಹೌಕ್ವಾ ಎಂಬವನು ಆ ಕಾಲದ ಜಗತ್ತಿನ ಅತ್ಯಂತ ಧನಿಕರಲ್ಲಿ ಒಬ್ಬನೆಂದು ಗಣ್ಯನಾಗಿದ್ದನು. ಇಂಥವರು ಹೋನಾಮಿನಲ್ಲಿ ಕೊಳ, ಮಂಟಪ, ಸೇತುವೆಗಳುಳ್ಳ ಉದ್ಯಾನಗಳನ್ನು ಮಾಡಿಸಿ, ಅಲ್ಲಿ ಪರದೇಶದ ಅತಿಥಿಗಳಿಗೆ ದೀರ್ಘವಾದ ಔತಣಗಳನ್ನು ಕೊಡುತ್ತಿದ್ದರು. ನೀರನ್ನು ನೋಡುತ್ತ ಉಣ್ಣುವ ವೈಭವಕ್ಕೆ ಈ ಉದ್ಯಾನಗಳೂ, ನದಿಯ ಮೇಲೆ ದೀಪಗಳಿಂದ ಶೃಂಗಾರಗೊಂಡು ತೇಲುತ್ತಿದ್ದ 'ಹೂವಿನ ದೋಣಿ'ಗಳೂ ಪೂರ್ವಪೀಠಿಕೆಯಾದುವೆನ್ನಬಹುದು. ಹೂವಿನ ದೋಣಿಗಳೆಂದರೆ ವೇಶ್ಯೆಯರ ದೋಣಿಗಳು. ಸಂಗೀತ, ಮದ್ಯ, ಭೋಜನ ಎಲ್ಲವೂ ಅಲ್ಲಿ ದೊರೆಯುತ್ತಿದ್ದುವು.

ಈ ಚಹಕ್ಕೆ ಬೆಲೆಯನ್ನು ತೆತ್ತವರು ಯಾರು? 1784ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಚಹದ ಮೇಲಿನ ಸುಂಕವನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿತು. ಕುಡಿಯುವವರು ಹೆಚ್ಚಿದರು, ಕಂಪೆನಿಯವರಿಗೆ ಚೀನಕ್ಕೆ ಸುರಿಯಬೇಕಾದ ಬೆಳ್ಳಿಯೂ ಹೆಚ್ಚಿತು. ಬೆಳ್ಳಿಗೆ ಬದಲಾಗಿ ಕಳುಹಿಸಲು ಅವರು ಭರತಖಂಡದ ಕಡೆಗೆ ತಿರುಗಿದರು. ಮುಂಬಯಿಯಿಂದ ಹತ್ತಿ ಹೋಯಿತು. ನಮ್ಮ ಘಟ್ಟದ ಸೀಮೆಯ ಶ್ರೀಗಂಧವೂ ಮಲೆಯಾಳದ ಮೆಣಸೂ ಹೋದುವು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಬುಕಾನನ್ನನು ಗಂಧದ ಮರದ ವ್ಯಾಪಾರವನ್ನು ವಿಸ್ತಾರವಾಗಿ ಬರೆದಿದ್ದಾನೆ. ಪಶ್ಚಿಮ ಕರಾವಳಿಯ ರೇವುಗಳಿಂದ ಹೊರಟ ಆ ಮರವು ಕ್ಯಾಂಟನ್ನಿನಲ್ಲಿ ಇಳಿದು ಚೀನೀಯರ ದೇವಾಲಯಗಳಲ್ಲಿ ಧೂಪವಾಗಿ ಉರಿಯುತ್ತಿದ್ದಿತು. ಆದರೆ ಗಂಧವೂ ಹತ್ತಿಯೂ ಸಾಲಲಿಲ್ಲ. ಬಿಹಾರ, ಕಾಶಿಗಳ ಸೀಮೆಯಲ್ಲಿ ರೈತರಿಂದ ಬೆಳೆಯಿಸಿ ಕಲ್ಕತ್ತೆಯಲ್ಲಿ ಹರಾಜು ಹಾಕಿದ ಅಫೀಮು, ಮಾಳವದಿಂದ ಮುಂಬಯಿಗೆ ಬಂದ ಅಫೀಮು, ಇವೇ ಕೊನೆಗೆ ಚಹದ ಬೆಲೆಯಾದುವು. ಕಂಪೆನಿಯವರು ತಾವಾಗಿ ಅದನ್ನು ಚೀನಕ್ಕೆ ಒಯ್ಯದೆ ಖಾಸಗಿ ವರ್ತಕರ ಕೈಯಿಂದ ಒಯ್ಯಿಸಿದರೆಂಬುದು ಲೆಕ್ಕದ ಪುಸ್ತಕಕ್ಕೆ ಮಾತ್ರ ಸಮಾಧಾನ. ಈ ವ್ಯಾಪಾರದಲ್ಲಿ ನಮ್ಮ ದೇಶದ ಪಾರಸೀ ವರ್ತಕರೂ ಇದ್ದರು. ಅದರ ಲಾಭದಿಂದ ಆದ ಆಸ್ಪತ್ರೆಗಳನ್ನೂ ಕಾಲೇಜುಗಳನ್ನೂ ಮುಂಬಯಿಯಲ್ಲಿ ಇಂದಿಗೂ ನೋಡಬಹುದು. 1839ರಲ್ಲಿ ಲಿನ್ ತ್ಸೆ ಹ್ಸು ಎಂಬ ಅಧಿಕಾರಿಯು ಇಪ್ಪತ್ತು ಸಾವಿರಕ್ಕೆ ಮೀರಿದ ಅಫೀಮಿನ ಪೆಟ್ಟಿಗೆಗಳನ್ನು ಮುಟ್ಟುಗೋಲು ಹಾಕಿ ನಾಶಮಾಡಿಸಿದನು. ಯುದ್ಧವಾಯಿತು. 1842ರ ನಾನ್ ಕಿಂಗ್ ಒಪ್ಪಂದದಿಂದ ಹಾಂಗ್ ಕಾಂಗ್ ದ್ವೀಪವು ಇಂಗ್ಲಿಷರದಾಯಿತು. ಐದು ರೇವುಗಳು ತೆರೆದುವು. 1856ರ ಡಿಸೆಂಬರಿನಲ್ಲಿ ಎರಡನೆಯ ಯುದ್ಧದ ಕಾಲಕ್ಕೆ ಹದಿಮೂರು ಕೋಠಿಗಳೂ ಸುಟ್ಟು ಬೂದಿಯಾದುವು. ಚಹದ ವ್ಯಾಪಾರವು ಷಾಂಗೈ, ಫೂಚೌಗಳ ಕಡೆಗೆ ಸರಿಯಿತು. ಘಟ್ಟಗಳ ದಾರಿಯಲ್ಲಿ ಚಹದ ಪೆಟ್ಟಿಗೆಗಳನ್ನು ಹೊರುತ್ತಿದ್ದ ಕೂಲಿಗಳೂ ದೋಣಿಯವರೂ ಕೆಲಸ ಕಳೆದುಕೊಂಡರು.

ದಿಮ್ ಸಮ್ಮಿನ ನಿಜವಾದ ಇತಿಹಾಸವು ಆರಂಭವಾಗುವುದು ಈ ದುರ್ದಿನಗಳಲ್ಲಿಯೇ ಎಂಬುದನ್ನು ಗಮನಿಸಬೇಕು. ಹಿಯೆನ್ ಫೆಂಗ್, ತುಂಗ್ ಚಿ ಚಕ್ರವರ್ತಿಗಳ ಆಳ್ವಿಕೆಯಲ್ಲಿ, ಎಂದರೆ 1850ರಿಂದ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ, ಕ್ಯಾಂಟನ್ನಿನ ಬೀದಿಗಳಲ್ಲಿ 'ಎರಡು ಲಿಯ ಮನೆ'ಗಳೆಂಬ ಅಂಗಡಿಗಳು ಕಾಣಿಸಿಕೊಂಡುವು. ಒಂದು ತಾಯೆಲ್ ತೂಕದ ಬೆಳ್ಳಿಯ ಸಾವಿರದಲ್ಲೊಂದು ಪಾಲಿಗೆ ಲಿ ಎಂದು ಹೆಸರು. ಅಂಥ ಎರಡು ಪಾಲು ಕೊಟ್ಟರೆ ಚಹಾ ದೊರೆಯುವುದು. ಒರಟಾದ ಮರದ ಮೇಜು, ಬೆಂಚು, ಒಂದು ಮಣ್ಣಿನ ಕೂಜೆ, ಹಿಟ್ಟಿನ ಕೆಲವು ದಪ್ಪ ರೊಟ್ಟಿಗಳು, ಇಷ್ಟೇ ಸಂಪತ್ತು. ಕೂಲಿಯವನು ಹೆಗಲಿನ ಅಡ್ಡೆಯನ್ನು ಗೋಡೆಗೆ ಒರಗಿಸಿ ಅಲ್ಲಿ ಅರ್ಧಗಳಿಗೆ ಕುಳಿತುಕೊಳ್ಳಬಹುದಾಗಿದ್ದಿತು. ಅವನು ಕೊಂಡುದು ಚಹವನ್ನೋ, ಕುಳಿತುಕೊಳ್ಳುವ ಹಕ್ಕನ್ನೋ ಹೇಳುವುದು ಕಷ್ಟ.

ಇವುಗಳ ಮೇಲ್ಮಟ್ಟದಲ್ಲಿ 'ಚಾ ಗೂಯ್' ಎಂಬ ಚಹಾಗೃಹಗಳು, ಅನಂತರ 'ಚಾ ಲಾವ್' ಎಂಬ ಮಹಡಿಯ ಮನೆಗಳು ಎದ್ದುವು. ತಾವ್ ತಾವ್ ಗೂಯ್ ಎಂಬ ಪ್ರಖ್ಯಾತ ಮಂದಿರವು 1880ರದು. ಅದರ ಫಲಕವನ್ನು ಸುಧಾರಕನೂ ಲಿಪಿಕಾರನೂ ಆದ ಕಾಂಗ್ ಯೂ ವೆಯಿಯು ಬರೆದುಕೊಟ್ಟನೆಂದು ಐತಿಹ್ಯ. ತಾವರೆಬೀಜದ ಹೂರಣಕ್ಕೆ ಹೆಸರಾದ ಲಿನ್ ಹೆಯುಂಗ್ ಮಂದಿರವು 1889ರದು. ಎರಡು ಮೂರು ಅಂತಸ್ತುಗಳ ಈ ಕಟ್ಟಡಗಳಲ್ಲಿ ಮೆಟ್ಟಿಲೇರಿದಷ್ಟೂ ಚಹದ ದರ ಏರುತ್ತಿದ್ದಿತು. ಗಾಳಿಯೂ ಬೆಳಕೂ ಬೀದಿಯ ನೋಟವೂ ಮೇಲಿನವರಿಗೆ. ಹಣವುಳ್ಳವನು ಮಹಡಿಯ ಮೇಲಿನ ಮಹಡಿಗೆ ಹೋಗುವನು, ಇಲ್ಲದವನು ನೆಲದಲ್ಲಿ ಕುಕ್ಕರಿಸುವನು ಎಂಬ ಗಾದೆಯೇ ಕ್ಯಾಂಟನ್ನಿನಲ್ಲಿ ಹುಟ್ಟಿಕೊಂಡಿತು. ಆದರೂ ಮೇಲಿನವನೂ ಕೆಳಗಿನವನೂ ಕೇಳುತ್ತಿದ್ದುದು ಒಂದನ್ನೇ: ಒಂದು ಮುಚ್ಚಳದ ಬಟ್ಟಲು ಚಹಾ, ಎರಡು ತಿಂಡಿ. 'ಒಂದು ಬಟ್ಟಲು, ಎರಡು ತುಂಡು' ಎಂಬುದು ಇಂದಿಗೂ ಅಲ್ಲಿ ಬೆಳಗಿನ ಸುಖಕ್ಕೆ ಹೆಸರಾಗಿ ಉಳಿದಿದೆ. ಮುದುಕರು ಸಾಕಿದ ಹಕ್ಕಿಗಳನ್ನು ಪಂಜರಸಮೇತ ತಂದು ಕಿಟಕಿಯ ಬಳಿ ತೂಗುಹಾಕಿ ಅವುಗಳ ಹಾಡನ್ನು ಕೇಳುತ್ತ ಕುಳಿತಿರುತ್ತಿದ್ದರು. ವ್ಯಾಪಾರಗಳು ಕುದುರುತ್ತಿದ್ದುದು, ಮದುವೆಯ ಮಾತು ನಡೆಯುತ್ತಿದ್ದುದು, ಜಗಳಗಳು ತೀರ್ಮಾನವಾಗುತ್ತಿದ್ದುದು ಇಲ್ಲಿಯೇ.

ಈ ಮಂದಿರಗಳ ಆಚಾರಗಳಲ್ಲಿ ಒಂದನ್ನು ಹೇಳದೆ ಬಿಡಲಾಗದು. ಪಕ್ಕದವನು ನಮ್ಮ ಬಟ್ಟಲಿಗೆ ಚಹಾ ಸುರಿದಾಗ ಬಾಯಲ್ಲಿ ವಂದನೆ ಹೇಳದೆ, ಬಾಗಿಸಿದ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲನೆ ತಟ್ಟಬೇಕು. ಚಿಯೆನ್ ಲುಂಗ್ ಚಕ್ರವರ್ತಿಯು ಮಾರುವೇಷದಿಂದ ದಕ್ಷಿಣದಲ್ಲಿ ಸಂಚರಿಸುವಾಗ ಚಹಾಮಂದಿರವೊಂದರಲ್ಲಿ ತಾನೇ ಸೇವಕರಿಗೆ ಚಹಾ ಸುರಿದನಂತೆ. ಸಾಷ್ಟಾಂಗವೆರಗಿದರೆ ಗುಟ್ಟು ಬಯಲಾಗುವುದು, ಎರಗದಿದ್ದರೆ ಅಪರಾಧ. ಸೇವಕನು ಬೆರಳುಗಳನ್ನೇ ಮೊಣಕಾಲಾಗಿ ಬಾಗಿಸಿ ಮೇಜಿನ ಮೇಲೆ ನಮಸ್ಕಾರಮಾಡಿದನೆಂದು ಕಥೆ. ಇದು ಕಥೆಯೇ ಹೊರತು ಚರಿತ್ರೆಯಲ್ಲ. ಆದರೆ ವಿದೇಶೀ ವ್ಯಾಪಾರವನ್ನು ತಮ್ಮ ಊರಿಗೇ ಕಟ್ಟಿಹಾಕಿ ಊರನ್ನು ಶ್ರೀಮಂತಗೊಳಿಸಿದ ಚಕ್ರವರ್ತಿಯನ್ನೇ ಕ್ಯಾಂಟನ್ನಿನ ಜನ ತಮ್ಮ ಚಹದ ಮೇಜಿಗೂ ಕರೆದು ಕೂರಿಸಿಕೊಂಡಿರುವುದು ಸ್ವಾರಸ್ಯವಾಗಿದೆ.

1911ರ ಕ್ರಾಂತಿಯ ಅನಂತರ ನಗರದ ಹಳೆಯ ಕೋಟೆಗೋಡೆಗಳನ್ನು ಕೆಡವಿ ರಸ್ತೆಗಳನ್ನು ಮಾಡಿದರು. 1920ರಿಂದ 1938ರ ವರೆಗಿನ ಕಾಲವೇ ಈ ಪಾಕವಿದ್ಯೆಯ ಉಚ್ಛ್ರಾಯಕಾಲ. ಮಂದಿರಗಳೊಳಗೆ ಸ್ಪರ್ಧೆ ಬೆಳೆದು, ವಾರವಾರಕ್ಕೂ ತಿಂಡಿಗಳ ಪಟ್ಟಿಯನ್ನು ಬದಲಾಯಿಸಿ ಪ್ರಕಟಿಸುವ ಪದ್ಧತಿ ಬಂದಿತು. ಇಂದು ಎಲ್ಲ ಕಡೆಯೂ ಕಡ್ಡಾಯವೆನಿಸಿರುವ ತಿಂಡಿಗಳಲ್ಲಿ ಹಲವು ಆಗ ರೂಪುಗೊಂಡುವು. ಅವುಗಳಲ್ಲಿ ಅಗ್ರಗಣ್ಯವಾದುದು 'ಹಾ ಗಾವ್' ಎಂಬ ಸಿಗಡಿಯ ಕಡುಬು. ಹೋನಾಮಿನ ಕಡೆಯ ಒಂದು ಹಳ್ಳಿಯಲ್ಲಿ ಕಾಲುವೆಯ ದಡದ ಮೇಲೆ ಒಂದು ಸಣ್ಣ ಚಹದಂಗಡಿಯಿದ್ದಿತೆಂದೂ, ಅಲ್ಲಿಗೆ ಬರುತ್ತಿದ್ದ ಬೆಸ್ತರ ದೋಣಿಗಳಿಂದ ಆಗತಾನೆ ಹಿಡಿದ ಸಿಗಡಿಯನ್ನು ಕೊಂಡು ಹಿಟ್ಟಿನಲ್ಲಿ ಮಡಿಚಿ ಬೇಯಿಸಿಕೊಟ್ಟುದೇ ಇದರ ಹುಟ್ಟೆಂದೂ ಪರಂಪರೆಯಿಂದ ಹೇಳುತ್ತಾರೆ. ನೀರಿನ ಸಾಮೀಪ್ಯವು ಆ ಅಂಗಡಿಗೆ ನೋಟದ ಸೊಗಸಾಗಿರಲಿಲ್ಲ, ಸರಕಿನ ಅನುಕೂಲವಾಗಿದ್ದಿತು.

ಶಾಕಾಹಾರಿಗಳಾದ ವಾಚಕರು ಒಳಗಿನ ಸಿಗಡಿಯನ್ನು ಬಿಟ್ಟು ಹೊರಗಿನ ಕವಚದ ಕಡೆಗೆ ಲಕ್ಷ್ಯಕೊಡಬಹುದು, ಕುಶಲತೆಯಿರುವುದು ಅಲ್ಲಿಯೇ. ಗೋಧಿಯ ಹಿಟ್ಟನ್ನು ಕಲಸಿ ನೀರಿನಲ್ಲಿ ತೊಳೆದರೆ ಅಂಟು ಕೈಯಲ್ಲಿ ನಿಂತು ಪಿಷ್ಟವು ನೀರಿನ ತಳಕ್ಕೆ ಇಳಿಯುವುದು. ಆ ಪಿಷ್ಟವನ್ನು ಒಣಗಿಸಿ, ಕುದಿಯುವ ನೀರನ್ನು ಒಮ್ಮೆಗೇ ಹೊಯ್ದು ನಾದಬೇಕು. ನಮ್ಮವರು ಕಡುಬಿಗೆ ಅಕ್ಕಿಯ ಹಿಟ್ಟನ್ನು ಉಕ್ಕರಿಸುವುದೂ ಇದೇ ಉಪಾಯದಿಂದ. ಅಂಟಿಲ್ಲದ ಹಿಟ್ಟು ಲಟ್ಟಿಸಲು ಬಾರದು. ಆದುದರಿಂದ ಎಣ್ಣೆ ಸವರಿದ ಅಗಲವಾದ ಕತ್ತಿಯ ಮಗ್ಗುಲಿನಿಂದ ಒತ್ತಿ ವೃತ್ತವಾಗಿ ಹರಡುವರು. ಅನಂತರ ಒಂದೇ ಅಂಚಿನಲ್ಲಿ ಹತ್ತಕ್ಕೆ ಕಡಿಮೆಯಿಲ್ಲದಂತೆ ನೆರಿಗೆ ಹಿಡಿದು ಮುಚ್ಚುವರು. ಕೆಲವೇ ನಿಮಿಷ ಹಬೆ ತಾಗಿದೊಡನೆ ಬಿಳಿಯ ಕವಚವು ಪಾರದರ್ಶಕವಾಗಿ ಒಳಗಿನ ಕೆಂಪು ಹೊರಕ್ಕೆ ತೋರುವುದು. ಕಡ್ಡಿಗಳಿಂದ ಎತ್ತಿದರೆ ಹರಿಯಬಾರದು, ಕಾಗದಕ್ಕೆ ಅಂಟಬಾರದು, ಆರಿದರೆ ಬಿರಿಯುವುದರಿಂದ ಕಾಯಿಸಿಡಲೂ ಬಾರದು. ಹೊಸ ಮಂದಿರಕ್ಕೆ ಹೋದ ರಸಿಕನು ಮೊದಲು ಇದನ್ನೇ ತರಿಸಿ ಪಾಚಕನ ಯೋಗ್ಯತೆಯನ್ನು ಅಳೆಯುವನು.

ಮಿಕ್ಕವುಗಳನ್ನು ಬೇಗ ಹೇಳಿ ಮುಗಿಸಬಹುದು. ಬಾಯಿ ತೆರೆದ ಮಾಂಸದ ಕಡುಬು 'ಸಿಯೂ ಮಾಯ್'. ಸುಟ್ಟ ಹಂದಿಯ ಮಾಂಸವನ್ನು ತುಂಬಿದ ಉಬ್ಬಿದ ರೊಟ್ಟಿ 'ಚಾ ಸಿಯೂ ಬಾವ್'. ತಾವರೆಯ ಎಲೆಯಲ್ಲಿ ಕಟ್ಟಿದ ಅಂಟಕ್ಕಿಯ ಬುತ್ತಿ. ಮೂಲಂಗಿಯ ಹಲ್ವೆಯಂಥ ಬಿಲ್ಲೆಗಳು. ಅಕ್ಕಿಯ ಹಿಟ್ಟಿನ ತೆಳುವಾದ ಹಾಳೆಯ ಸುರುಳಿ. ಕೋಳಿಯ ಕಾಲುಗಳಿಗೆ ಅವರು ದಿವ್ಯಪಕ್ಷಿಯೊಂದರ ಪಂಜವೆಂದು ಹೆಸರಿಟ್ಟಿದ್ದಾರೆ. ಅಲಂಕಾರಶಾಸ್ತ್ರವು ಅಡಿಗೆಮನೆಯಲ್ಲಿಯೂ ಉಪಯೋಗಕ್ಕೆ ಬರುವುದೆಂಬುದಕ್ಕೆ ಇದು ನಿದರ್ಶನ. ಮೊಟ್ಟೆಯ ಹಳದಿ ಪಾಕವನ್ನು ಹೊಯ್ದ 'ದಾನ್ ತಾತ್' ಎಂಬ ಬಟ್ಟಲುರೊಟ್ಟಿಯು ಇಂಗ್ಲಿಷರ ಕಸ್ಟರ್ಡಿನ ಮಗಳು. 1920ರ ಅನಂತರ ಕ್ಯಾಂಟನ್ನಿನಲ್ಲಿ ಹುಟ್ಟಿತು. ಇದೇ ದಶಕದಲ್ಲಿ ಮಂದಿರಗಳಲ್ಲಿ ಬಡಿಸುವ ಕೆಲಸಕ್ಕೆ ಹೆಂಗಸರು ಬರತೊಡಗಿದರು. ಕೂಲಿ ಕಡಿಮೆಯಾದೀತೆಂದು ಗಂಡಾಳುಗಳ ಸಂಘಗಳು ವಿರೋಧಿಸಿದುವು. ಪತ್ರಿಕೆಗಳು ನೀತಿಯ ಹೆಸರಿನಲ್ಲಿ ಕೂಗೆಬ್ಬಿಸಿದುವು. ತಿಂಡಿಯ ಇತಿಹಾಸವನ್ನು ಬರೆಯುವವರು ಈ ಹೆಂಗಸರನ್ನು ಸಾಮಾನ್ಯವಾಗಿ ಮರೆಯುವರು.

ಅವರಿಗಿಂತಲೂ ಮರೆಯಾದವರು ನೀರಿನ ಜನ. ಮುತ್ತಿನ ಹೊಳೆಯ ಮೇಲೆ ದೋಣಿಗಳಲ್ಲಿಯೇ ಹುಟ್ಟಿ, ದೋಣಿಗಳಲ್ಲಿಯೇ ಸಾಯುತ್ತಿದ್ದ ಒಂದು ಸಮುದಾಯವಿದ್ದಿತು. ದಡದವರು ಇವರನ್ನು ಹೀನವಾಗಿ ಕಾಣುತ್ತಿದ್ದರು, ಇವರೊಡನೆ ವಿವಾಹಸಂಬಂಧವಿಲ್ಲ, ಇವರ ಮಕ್ಕಳು ರಾಜ್ಯದ ಪರೀಕ್ಷೆಗಳಿಗೆ ಕೂರುವಂತಿರಲಿಲ್ಲ. 1729ರಲ್ಲಿ ಯುಂಗ್ ಚೆಂಗ್ ಚಕ್ರವರ್ತಿಯು ಇವರು ದಡದಲ್ಲಿ ಮನೆಕಟ್ಟಿಕೊಳ್ಳಬಹುದೆಂದು ಆಜ್ಞೆಮಾಡಿದನು. ಆಜ್ಞೆಯಿಂದ ಕಾನೂನು ಬದಲಾಯಿತು, ರೂಢಿ ಬದಲಾಗಲಿಲ್ಲ. ಈ ಮಾತಿಗೆ ವ್ಯಾಖ್ಯಾನವು ನಮ್ಮ ದೇಶದ ವಾಚಕರಿಗೆ ಬೇಕಾಗಿಲ್ಲ. ಪರದೇಶಿಯರನ್ನು ಹಡಗಿನಿಂದ ದಡಕ್ಕೆ ಸಾಗಿಸಿದವರು, ಧನಿಕರನ್ನು ಔತಣಕ್ಕೆ ದಾಟಿಸಿದವರು, ಸಿಗಡಿಯನ್ನು ಹಿಡಿದುತಂದವರು ಇವರೇ. ಹುಟ್ಟುಹಾಕುವ ಕೆಲಸ ಬಹುಮಟ್ಟಿಗೆ ಹೆಂಗಸರದು. ನಗರದ ಪಶ್ಚಿಮಕ್ಕೆ ಲಾಯ್ ಚೀ ವಾನ್ ಎಂಬ ಕಾಲುವೆಯ ಪ್ರದೇಶವುಂಟು. ಬೇಸಗೆಯ ಸಂಜೆ ವಿಹಾರಕ್ಕೆ ಬಂದವರ ದೋಣಿಗಳ ಮಗ್ಗುಲಿಗೆ ಇವರು ತಮ್ಮ ಸಣ್ಣ ದೋಣಿಗಳನ್ನು ತಂದು, ಮೀನು, ಕಡಲೆಕಾಯಿಬೀಜ, ಕರಿದ ಹಿಟ್ಟಿನ ಚೂರುಗಳನ್ನು ಹಾಕಿದ ಅಕ್ಕಿಯ ಗಂಜಿಯನ್ನು ಬಿಸಿಬಿಸಿಯಾಗಿ ಮಾರುತ್ತಿದ್ದರು. 'ದೋಣಿಗಂಜಿ' ಎಂದೇ ಅದರ ಹೆಸರು.

1938ರ ಅಕ್ಟೋಬರಿನಲ್ಲಿ ಜಪಾನೀಯರು ಕ್ಯಾಂಟನ್ನನ್ನು ಹಿಡಿದರು. ಪಾಚಕರೂ ಮಾಲೀಕರೂ ಹಾಂಗ್ ಕಾಂಗಿಗೆ ಓಡಿದರು. ಅಲ್ಲಿಯೂ ಚಹಾಮಂದಿರಗಳಿದ್ದುವು, ಲು ಯೂವಿನ ಹೆಸರನ್ನೇ ಹೊತ್ತ ಲುಕ್ ಯೂ ಮಂದಿರವು 1933ರಲ್ಲಿ ತೆರೆದುದು. 1941ರ ಡಿಸೆಂಬರಿನಲ್ಲಿ ಹಾಂಗ್ ಕಾಂಗೂ ಬಿದ್ದು, 1945ರ ವರೆಗೆ ಹಸಿವೆಯೇ ಆಳಿತು. 1949ರ ಅನಂತರ ಮತ್ತೆ ಜನಪ್ರವಾಹವು ದಕ್ಷಿಣಕ್ಕೆ ಹರಿಯಿತು. ಕ್ಯಾಂಟನ್ನಿನಲ್ಲಿ ಉಳಿದ ಮಂದಿರಗಳು 1956ರಲ್ಲಿ ಸರ್ಕಾರದ ಸಹಭಾಗಿತ್ವಕ್ಕೆ ಒಳಪಟ್ಟುವು. 1966ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಲವು ಮಂದಿರಗಳ ಹಳೆಯ ಹೆಸರುಗಳನ್ನೂ ಅಳಿಸಿದರು. ಆದರೂ ಲಾಯ್ ಚೀ ವಾನಿನ ಸಮೀಪದಲ್ಲಿ 1947ರಲ್ಲಿ ಚಿಕ್ಕದಾಗಿ ಆರಂಭವಾದ ಪಾನ್ ಶೀ ಮಂದಿರವನ್ನು 1960ರಲ್ಲಿ ಸರೋವರದ ದಡದಲ್ಲಿ ಉದ್ಯಾನದ ರೂಪದಲ್ಲಿ ಹೊಸದಾಗಿ ಕಟ್ಟಿದುದು ಆಶ್ಚರ್ಯದ ಸಂಗತಿ. ಹೌಕ್ವಾನಂಥವರ ಉದ್ಯಾನಭೋಜನವು ಸಮಾಜವಾದದ ಸರ್ಕಾರದ ಆಶ್ರಯದಲ್ಲಿ ಹೀಗೆ ಮರುಹುಟ್ಟು ಪಡೆಯಿತು.

ಹಾಂಗ್ ಕಾಂಗಿನ ದಕ್ಷಿಣದಲ್ಲಿ ಆಬರ್ಡೀನ್ ಎಂಬ ಮೀನುಗಾರರ ಬಂದರಿದೆ. ಅಲ್ಲಿಯ ನೀರಿನ ಜನರು ದಡದ ಮನೆಗಳಲ್ಲಿ ಸ್ಥಳವಿಲ್ಲದೆ ತಮ್ಮ ಮದುವೆಯ ಔತಣಗಳನ್ನು ದೊಡ್ಡ ದೋಣಿಗಳ ಮೇಲೆಯೇ ನಡೆಸುತ್ತಿದ್ದರು. ಆ ಔತಣದ ದೋಣಿಗಳಿಂದ ತೇಲುವ ಭೋಜನಶಾಲೆಗಳು ಹುಟ್ಟಿದುವು. ತಾಯ್ ಪಾಕ್ ಎಂಬುದು 1952ರದು. ಆಮೇಲೆ ಜಂಬೋ ಎಂಬ ಮಹಾನೌಕೆಯನ್ನು ಕಟ್ಟುತ್ತಿರುವಾಗ 1971ರ ಅಕ್ಟೋಬರ್ 30ರಂದು ಬೆಂಕಿ ಹತ್ತಿ 34 ಮಂದಿ ಸತ್ತರು. ಸ್ಟಾನ್ಲಿ ಹೋ ಎಂಬ ಶ್ರೀಮಂತನ ಹಣದಿಂದ ಅದು ಪೂರ್ಣವಾಗಿ 1976ರಲ್ಲಿ ತೆರೆಯಿತು. ಚೀನದ ಅರಮನೆಯ ಆಕಾರ, ಸುಮಾರು 76 ಮೀಟರ್ ಉದ್ದ, ಒಮ್ಮೆಗೆ 2300 ಮಂದಿಗೆ ಊಟ. ಎರಡನೆಯ ಎಲಿಜಬೆತ್ ರಾಣಿಯೂ ಅಲ್ಲಿಗೆ ಬಂದಿದ್ದಳು. ದಡದಿಂದ ಅಲ್ಲಿಗೆ ಹೋಗಲು ಸಣ್ಣ ದೋಣಿಗಳಿದ್ದುವು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಮುಚ್ಚಿದ ಈ ನೌಕೆಯನ್ನು ಸಾಕುವವರು ಯಾರೂ ಮುಂದೆ ಬರಲಿಲ್ಲ. 2022ರ ಜೂನ್ 14ರಂದು ಅದನ್ನು ಬಂದರಿನಿಂದ ಎಳೆದೊಯ್ದರು. ಕೆಲವೇ ದಿನಗಳಲ್ಲಿ ದಕ್ಷಿಣಚೀನದ ಸಮುದ್ರದಲ್ಲಿ, ಷೀಷಾ ದ್ವೀಪಗಳ ಬಳಿ, ಮಗುಚಿಕೊಂಡಿತು.

ಶ್ರೀಮಂತರ ದಿಮ್ ಸಮ್ ಅಷ್ಟರೊಳಗೆ ಬಂದರಿನ ಉತ್ತರದಡಕ್ಕೂ ದಕ್ಷಿಣದಡಕ್ಕೂ ಎದ್ದುನಿಂತ ಹೋಟೆಲುಗಳಿಗೆ ಹೋಗಿದ್ದಿತು. ಆ ಎರಡು ದಡಗಳ ನಡುವೆ ಹಾಯುವ ನಕ್ಷತ್ರದ ಗುರುತಿನ ನಾವೆಗಳನ್ನು 1888ರಲ್ಲಿ ಆರಂಭಿಸಿದವನು ದೋರಾಬ್ಜಿ ನವರೋಜಿ ಎಂಬ ಪಾರಸೀ ಗೃಹಸ್ಥನು. ಕೌಲೂನಿನ ದಡದ ಒಂದು ಹೋಟೆಲಿನಲ್ಲಿ ಹೆಸರು ಪಡೆದು ನಿವೃತ್ತನಾಗಿದ್ದ ಚಾನ್ ಯಾನ್ ತಾಕ್ ಎಂಬ ಪಾಚಕನು ಮತ್ತೆ ಕೆಲಸಕ್ಕೆ ಬಂದು ಎದುರುದಡದಲ್ಲಿ ಲುಂಗ್ ಕಿಂಗ್ ಹೀನ್ ಎಂಬ ಶಾಲೆಯನ್ನು ನಡೆಸಿದನು. ಆ ಹೆಸರಿಗೆ 'ಡ್ರ್ಯಾಗನ್ನಿನ ನೋಟದ ಮಂಟಪ' ಎಂದು ಅರ್ಥ. ಕಿಟಕಿಯ ಹೊರಗೆ ಬಂದರು. ಫ್ರಾನ್ಸಿನ ಮಿಷೆಲಿನ್ ಕೈಪಿಡಿಯ 2009ರ ಹಾಂಗ್ ಕಾಂಗ್ ಆವೃತ್ತಿಯು ಇದಕ್ಕೆ ಮೂರು ನಕ್ಷತ್ರಗಳನ್ನು ಕೊಟ್ಟಿತು. ಚೀನೀ ಭೋಜನಶಾಲೆಯೊಂದಕ್ಕೆ ಆ ಮರ್ಯಾದೆ ಸಂದುದು ಅದೇ ಮೊದಲು. ಕ್ಯಾಂಟನ್ನಿನ ಪಾಕಕ್ಕೆ ಮರ್ಯಾದೆ ದೊರೆಯಲು ಫ್ರೆಂಚರ ಕೈಪಿಡಿಯೇ ಬೇಕಾಯಿತೆಂದು ವಿಷಾದಪಡುವವರಿದ್ದಾರೆ. ನನಗೆ ಅದು ದೊಡ್ಡ ವಿಷಯವಾಗಿ ತೋರುವುದಿಲ್ಲ. ದೊಡ್ಡ ವಿಷಯವೆಂದರೆ, ಆ ಕಟ್ಟಡವು ನಿಂತಿರುವ ನೆಲವೇ ಒಂದು ಕಾಲಕ್ಕೆ ಸಮುದ್ರವಾಗಿದ್ದಿತೆಂಬುದು. ನೂರೈವತ್ತು ವರ್ಷಗಳ ಕಾಲ ಮಣ್ಣು ತುಂಬಿ ದಡವನ್ನು ಮುಂದಕ್ಕೆ ತಳ್ಳಿಕೊಂಡು ಬಂದುದರಿಂದ ಬಂದರು ಕಿರಿದಾಗುತ್ತ ಹೋಗಿ, 1997ರಲ್ಲಿ ಅದನ್ನು ಉಳಿಸಲು ಶಾಸನವನ್ನೇ ಮಾಡಬೇಕಾಯಿತು. ನೀರು ಕಡಿಮೆಯಾದಷ್ಟೂ ನೀರಿನ ನೋಟದ ಬೆಲೆ ಏರಿತು.

ಅದೇ ಅಡಿಗೆಮನೆಯಲ್ಲಿ ದಿಮ್ ಸಮ್ ಮಾಡುತ್ತಿದ್ದ ಮಾಕ್ ಕ್ವಾಯ್ ಪೂಯ್ ಎಂಬವನು 2009ರಲ್ಲಿ ಹೊರಗೆ ಬಂದು ಮಾಂಗ್ ಕಾಕ್ ಎಂಬ ಕಿಕ್ಕಿರಿದ ಪೇಟೆಯಲ್ಲಿ ಇಪ್ಪತ್ತು ಜನ ಹಿಡಿಯುವ ಅಂಗಡಿಯೊಂದನ್ನು ಇಟ್ಟನು. ಕಿಟಕಿಯಿಂದ ನೋಡಲು ಏನೂ ಇರಲಿಲ್ಲ. ಮರುವರ್ಷದ ಕೈಪಿಡಿಯಲ್ಲಿ ಅದಕ್ಕೂ ಒಂದು ನಕ್ಷತ್ರ ಬಂದಿತು. ಕಡುಬಿಗಾಗಿ ಜನರು ಬೀದಿಯಲ್ಲಿ ಗಂಟೆಗಟ್ಟಲೆ ಸಾಲುನಿಂತರು.

ಮುತ್ತಿನ ಹೊಳೆಯ ಮೇಲಿನ ದೋಣಿಯ ಸಂಸಾರಗಳನ್ನು 1950ರಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕ್ವಾಂಗ್ ಚೌವಿನ ಸರ್ಕಾರವು ದಡದ ಮೇಲೆ ಮನೆಗಳನ್ನು ಕಟ್ಟಿಸಿ ಇಳಿಸಿತು; ಅವರ ಮಕ್ಕಳು ಶಾಲೆಗೆ ಹೋದರು, ಕಾರ್ಖಾನೆಗಳಿಗೆ ಸೇರಿದರು. ಅವರ ಗಂಜಿಯು ಈಗ ಚಹಾಮಂದಿರಗಳ ತಿಂಡಿಯ ಪಟ್ಟಿಯಲ್ಲಿ ಸೇರಿಕೊಂಡಿದೆ. ಗ್ಯಾಸಿನ ಒಲೆಯ ಮೇಲೆ ಬೇಯಿಸಿ, ಪಿಂಗಾಣಿಯ ಬಟ್ಟಲಿನಲ್ಲಿ ತಂದಿಡುವರು. ಹೆಸರು ಮಾತ್ರ ದೋಣಿಗಂಜಿ ಎಂದೇ ಇದೆ.